ಪಾಕೀಟಿನ ಬೆನ್ನು ಓದಿಸಿದ ಅಕ್ಕೋರು

ಹೋದ ವಾರ ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು ಒಂದು ಬ್ಯಾನರ್ ಕಟ್ಟಿದ್ದರು. ನಮ್ಮ ಪ್ರೆಸ್ಸಿನಲ್ಲಿದ್ದ ಅಕ್ಕೋರು ತೀರಿಕೊಂಡರಲ್ಲ, ಅದಕ್ಕೆ ನಮ್ಮ ಮಾಲಕರು ಕಟ್ಟಿಸಿದ ಶ್ರದ್ಧಾಂಜಲಿ. ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿ, ಸುತ್ತ ಹೂವಿನ ಚೌಕಟ್ಟು ಹಾಕಿ, ಕೆಳಗೆ ಬರೆಸಿದ್ದರು: ‘ಮೃದು ಮಾತಿನ, ಎಂದೂ ಎದುರಾಡದ ಸರಳ ಜೀವಿ.’ ಬ್ಯಾಡಗಿ ಬಸ್ಸಿನಿಂದ ಇಳಿದವನು ಅಲ್ಲೇ ನಿಂತು ಎರಡು ಸಲ ಓದಿದೆ. ಮೈಯೆಲ್ಲ ಉರಿದುಹೋಯಿತು. ಎದುರಾಡದ ಜೀವಿ ಅಂತೆ. ಇಪ್ಪತ್ತೆರಡು ವರ್ಷ ಆ ಪ್ರೆಸ್ಸಿನಲ್ಲಿ ಅವರು ಮಾಡಿದ್ದೇ ಎದುರಾಡುವ ಕೆಲಸ. ಮಾಲಕರಿಗೆ ಎದುರಾಡಿದರು, ಗಿರಾಕಿಗೆ ಎದುರಾಡಿದರು, ನನಗಂತೂ ದಿನಕ್ಕೆ ಹತ್ತು ಸಲ ಎದುರಾಡಿದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಆದರೆ ಇದ್ದ ಒಳ್ಳೆಯದನ್ನು ಕಿತ್ತು ಬಿಸಾಕಿ ಇಲ್ಲದ್ದನ್ನು ಹೇಳುವುದು ಯಾವ ನ್ಯಾಯ?

ನಾನು ಅದೇ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಡಿಸೈನ್ ಮಾಡುವುದು, ಕಂಪ್ಯೂಟರಿಗೆ ಬೇಕಾದ ಅಕ್ಷರ ಮಾಡುವುದು ನನ್ನ ಕೆಲಸ. ಆ ಬ್ಯಾನರ್ ಬೇರೆ ಯಾರೋ ಮಾಡಿದ್ದು, ಆದರೆ ಅದರ ಅಕ್ಷರ ನಾನು ಮಾಡಿದ್ದೇ. ನನ್ನ ಅಕ್ಷರದಲ್ಲೇ ಆ ಸುಳ್ಳು ಬರೆಸಿದ್ದು ನೋಡಿ ಸಿಟ್ಟು ಇನ್ನೂ ಹೆಚ್ಚಾಯಿತು. ಅಕ್ಕೋರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹಾಕಿ ಬೇಕಾದ ಹಾಗೆ ಬರೆದವರು ಬರೆದಿದ್ದಾರೆ, ಅಷ್ಟು ಸಾಕು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವರು. ದಿನಾ ಬೆಳಿಗ್ಗೆ ಮೇಡ್ಲೇರಿಯಿಂದ ಬಸ್ಸಿಗೆ ಬಂದು, ಕಂಪ್ಯೂಟರಿನ ಮುಂದೆ ಕುಳಿತು, ಲಗ್ನಪತ್ರಿಕೆ, ತಿಥಿಯ ಕಾರ್ಡು, ಬೀಜದ ಪಾಕೀಟು, ಮೆಣಸಿನಕಾಯಿ ಚೀಲದ ಲೇಬಲ್ಲು ಎಲ್ಲ ಟೈಪ್ ಮಾಡುತ್ತಿದ್ದರು. ಯಾವನೋ ಒಬ್ಬ ಗಿರಾಕಿ, ತನ್ನ ಬರಹ ತಿದ್ದಿದರೆಂಬ ಸಿಟ್ಟಿನಲ್ಲಿ, ‘ಏನ್ ಸಾಲಿ ಅಕ್ಕೋರಾಗೀರೇನ ನೀವು?’ ಅಂದನಂತೆ. ‘ಆಗೇನಿ. ಎಲ್ಲಿ, ಅಂಗೈ ಮುಂದ ಮಾಡು’ ಅಂದರಂತೆ ಇವರು. ಅವತ್ತಿನಿಂದ ಆ ಹೆಸರು ಕಾಯಂ ಆಯಿತು.

ಗಿಡ್ಡ ಆಳು, ದೊಡ್ಡ ದನಿ. ಕಿವಿಯ ಮೇಲೆ ಬಡಿಗನ ಹಾಗೆ ಒಂದು ಪೆನ್ಸಿಲ್ಲು. ಆ ಪೆನ್ಸಿಲ್ಲಿಗೆ ಒಂದು ಕೆಲಸ ಇತ್ತು. ಪ್ರೂಫ್ ತೆಗೆದ ಮೇಲೆ ತಾವು ಓದಿ ಸುಮ್ಮನಾಗುತ್ತಿರಲಿಲ್ಲ. ಹಾಳೆ ಹಿಡಿದು ಹೊರಗೆ ಹೋಗಿ ಯಾರಿಂದಾದರೂ ಜೋರಾಗಿ ಓದಿಸುತ್ತಿದ್ದರು. ಚಲೋ ಓದುವವರಿಂದಲ್ಲ. ಪ್ರೆಸ್ಸಿನ ಬಾಗಿಲಿನ ಪಕ್ಕ ಚಾದ ಅಂಗಡಿ ಇಟ್ಟ ಫಕೀರವ್ವನಿಂದ. ಕಾಗದದ ಬಂಡಲ್ ಇಳಿಸಲು ಬಂದ ಹಮಾಲರಿಂದ. ಓದುತ್ತ ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲ್ಲಿನ ಒಂದು ಗೀಟು ಬೀಳುತ್ತಿತ್ತು. ಒಳಗೆ ಬಂದು, ಗೀಟು ಬಿದ್ದ ಕಡೆಯೆಲ್ಲ ಅಕ್ಷರ ದೊಡ್ಡದು ಮಾಡುವುದು, ಉದ್ದ ಸಾಲನ್ನು ಎರಡು ಮಾಡುವುದು, ಅದೂ ಆಗದಿದ್ದರೆ ಶಬ್ದವನ್ನೇ ತೆಗೆದು ಬೇರೆ ಹಾಕುವುದು.

‘ಓದಾಕ ಬಲ್ಲವ್ರು ತಪ್ಪಿದ್ರೂ ತಾವ ಸರಿ ಮಾಡ್ಕೊಂಡು ಓದಿಬಿಡ್ತಾರ. ಅವ್ರ ಮುಂದ ಹಿಡದು ಏನ್ ಮಾಡೂದೈತಿ?’ ಅನ್ನುತ್ತಿದ್ದರು. ಮೊದಮೊದಲು ನನಗೆ ಇದು ಹುಚ್ಚು ಅನ್ನಿಸಿತ್ತು. ಮಾಲಕರಿಗಂತೂ ಕೊನೆಯವರೆಗೂ ಹುಚ್ಚೇ.

ಒಮ್ಮೆ ಹಾವೇರಿಯ ಒಂದು ಕಚೇರಿಗೆ ದೊಡ್ಡ ಬೋರ್ಡಿನ ಪ್ರೂಫ್ ತೋರಿಸಲು ಅಕ್ಕೋರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಯಾವುದೋ ಯೋಜನೆಯ ಬೋರ್ಡು, ಒಂದೊಂದು ಶಬ್ದ ಒಂದೊಂದು ಗೇಣು. ಕುರ್ಚಿ ಖಾಲಿ ಇದ್ದರೂ ಸಾಹೇಬರು ನಮ್ಮನ್ನು ನಿಲ್ಲಿಸಿಯೇ ಮಾತಾಡಿಸಿದರು. ಅಕ್ಕೋರು ಹಾಳೆ ಮುಂದಿಟ್ಟು, ‘ಒಮ್ಮೆ ಜೋರಾಗಿ ಓದ್ರಿ ಸಾಹೇಬ್ರ’ ಅಂದರು. ಅವರು ತಮಾಷೆ ಅಂದುಕೊಂಡು ಓದಿದರು. ಇವರು ಪಟ್ಟನೆ ಎರಡು ಗೀಟು ಎಳೆದರು. ‘ನೀವ ಎರಡು ಕಡೆ ನಿಂತ್ರಿ. ಮಂದಿ ಹತ್ತು ಕಡೆ ನಿಲ್ತಾರ. ಇದನ್ನ ಸಣ್ಣ ಸಣ್ಣ ಮಾತಿನ್ಯಾಗ ಬರದು ಕೊಡ್ರಿ, ಇಲ್ಲಾ ನಾನ ಬರೀತೇನಿ.’ ಸಾಹೇಬರ ಮುಖ ಸಪ್ಪಗಾಯಿತು. ಆದರೂ ಅಕ್ಕೋರು ಬರೆದದ್ದನ್ನೇ ಒಪ್ಪಿದರು. ಹೊರಗೆ ಬಂದ ಮೇಲೆ ನಾನು, ‘ನನಗ ಸಿಟ್ಟ ಬಂದಿತ್ರಿ ಅಕ್ಕೋರ, ನಿಂದರ್ಸಿ ಮಾತಾಡಿದ್ನಲ್ಲ’ ಅಂದೆ. ‘ಬಂದಿತ್ತಂದ್ರ ಅಲ್ಲೇ ಹೇಳಬೇಕಿತ್ತು. ನೀ ಬ್ಯಾಡಗಿ ಮೆಣಸಿನಕಾಯಿ ಅದೀ ನೋಡು. ಬಣ್ಣ ಭಾಳ, ಖಾರ ಕಡಿಮಿ’ ಅಂದು ನಕ್ಕರು. ನಾನೂ ನಕ್ಕೆ. ನಮ್ಮೂರಿನ ಕಾಯಿಯ ಗುಣವೇ ಅದು, ಸುಳ್ಳೇನಲ್ಲ.

ಈ ಓದಿಸುವ ಹುಚ್ಚು ಎಲ್ಲಿಂದ ಬಂತು ಅಂತ ಒಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತ ಕೇಳಿದ್ದೆ. ಅಕ್ಕೋರು ಸಣ್ಣವರಿದ್ದಾಗ ಬಿತ್ತಿ ಉಳಿದ ಗೋವಿನಜೋಳದ ಬೀಜ ಮನೆಯಲ್ಲಿತ್ತಂತೆ. ಹುಳ ಹತ್ತದಿರಲಿ ಅಂತ ವಿಷ ಸವರಿದ ಕೆಂಪನೆ ಬೀಜ. ಕಾಳು ಕೆಡಿಸಬಾರದು ಅಂತ ಅವರವ್ವ ನಾಲ್ಕು ಸಲ ತೊಳೆದು, ಒಣಗಿಸಿ, ಹಿಟ್ಟು ಹಾಕಿಸಿದಳು. ಒಡಕು ಕಾಳು ಕೋಳಿಗೆ ಹಾಕಿದಳು. ಕೋಳಿ ಒಂದೂ ಉಳಿಯಲಿಲ್ಲ. ತಮ್ಮನನ್ನು ಹಾವೇರಿ ದವಾಖಾನೆಯಲ್ಲಿ ಎಂಟು ದಿನ ಇಟ್ಟಿದ್ದರು. ‘ಅಂವ ಉಳದ. ಆದ್ರ ಮೊದಲಿನಂಗ ಆಗ್ಲಿಲ್ಲ’ ಅಂದರು. ‘ನಮ್ಮವ್ವಗ ಓದಾಕ ಬರತಿತ್ತು. ಸಾಲ್ಯಾಗ ಏಳನೇತ್ತ ತನಕ ಕಲ್ತಾಕಿ. ಪಾಕೀಟ ತಿರಿವಿ ತಿರಿವಿ ನೋಡಿದ್ಲಂತ. ಅದರ ಮ್ಯಾಲೆ ಕನ್ನಡ ಒಂದಕ್ಷರ ಇರ್ಲಿಲ್ಲ.’ ಇಷ್ಟು ಹೇಳಿ, ಚಟ್ನಿಪುಡಿಗೆ ಮೊಸರು ಹಾಕಿಕೊಂಡು ಊಟ ಮುಂದುವರಿಸಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಮೂರು ವರ್ಷದ ಹಿಂದಿನ ಕಥೆ ಈಗ ಹೇಳುತ್ತೇನೆ. ರಾಣೆಬೆನ್ನೂರು ಅಂದರೆ ಬೀಜದ ಊರು; ನಮ್ಮ ಪ್ರೆಸ್ಸಿನ ಅರ್ಧ ಹೊಟ್ಟೆ ತುಂಬುವುದೇ ಬೀಜದ ಪಾಕೀಟಿನಿಂದ. ಒಂದು ಕಂಪನಿ ತನ್ನ ಪಾಕೀಟುಗಳಿಗೆಲ್ಲ ತನ್ನದೇ ಆದ ಹೊಸ ಕನ್ನಡ ಫಾಂಟು ಬೇಕು ಅಂದಿತು. ಫಾಂಟು ಅಂದರೆ ಮೂಲಾಕ್ಷರ, ಗುಣಿತ, ಒತ್ತು ಎಲ್ಲ ಸೇರಿ ಒಂದೇ ಕೈಯಿಂದ ಬರೆದಂತೆ ಕಾಣುವ ಅಕ್ಷರದ ಪೂರಾ ಸೆಟ್ಟು. ಮಾಲಕರು ಹ್ಞೂಂ ಅಂದು ಬಂದು ನನ್ನ ಕೊರಳಿಗೆ ಕಟ್ಟಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ನಾನಾಗಿಯೇ ಕಲಿತ ವಿದ್ಯೆ, ಯಾರೂ ಕೇಳಿರಲಿಲ್ಲ, ಈಗ ಕೇಳಿದ್ದರು. ಎಂಟು ತಿಂಗಳು ಒಂದೊಂದೇ ಅಕ್ಷರ ಗೀಚಿ, ಅಳಿಸಿ, ಮತ್ತೆ ಗೀಚಿದೆ.

ಅಕ್ಷರ ಮಾಡುವ ಆ ಸಾಫ್ಟ್‌ವೇರಿನಲ್ಲಿ ಒಂದು ಸೌಲಭ್ಯ ಇದೆ. ಬೇರೆ ಫೈಲಿನಲ್ಲಿರುವ ಬರಹವನ್ನು ತಂದು ಅದರೊಳಗೆ ಹಾಕಿದರೆ, ನಾವು ಮಾಡಿದ ಅಕ್ಷರದಲ್ಲಿ ಅದು ಹೇಗೆ ಕಾಣುತ್ತದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಎಲ್ಲಿ ಒತ್ತು ಕೆಳಗಿನ ಸಾಲಿಗೆ ತಾಗಿತು, ಎಲ್ಲಿ ಎರಡಕ್ಷರದ ನಡುವೆ ಸಂದು ಜಾಸ್ತಿ ಬಿತ್ತು, ಎಲ್ಲ ಅಲ್ಲಿ ಗೊತ್ತಾಗುತ್ತದೆ. ನಾನು ಸುಭಾಷಿತದಂಥ ಒಂದು ಚಂದದ ಸಾಲು ಹಾಕಿಕೊಂಡು ನೋಡುತ್ತ ಕುಳಿತಿದ್ದೆ. ಅಕ್ಕೋರು ಹಿಂದೆ ಬಂದು ನಿಂತರು.

‘ಇದನ್ನ್ಯಾಕ ಹಾಕೀದಿ? ಇಂಥಾದ್ದನ್ನ ಮಂದಿ ಕಣ್ಣು ಮುಚ್ಚಿ ಓದ್ತಾರ. ಪಾಕೀಟಿನ ಬೆನ್ನ ಮ್ಯಾಲಿಂದು ಹಾಕು.’

‘ಅದನ್ನ ಯಾರು ನೋಡ್ತಾರ್ರೀ?’

‘ನೋಡಬೇಕಾದ್ದ ಅದು’ ಅಂದು, ತಮ್ಮ ಟೇಬಲ್ಲಿನ ಡ್ರಾವರಿನಿಂದ ಒಂದು ಪೆನ್‌ಡ್ರೈವ್ ತಂದುಕೊಟ್ಟರು. ‘ತಗೋ. ಇಪ್ಪತ್ತು ವರ್ಷದ ಹಾವೇರಿ ಜಿಲ್ಲಾ ಐತಿ ಅದರಾಗ. ಯಾರ ಲಗ್ನ ಆತು, ಯಾರು ಸತ್ರು, ಯಾವ ಎಮ್ಮಿ ಕಳೀತು, ಯಾವ ಬೀಜ ಬಂತು, ಎಲ್ಲಾ. ಇಷ್ಟೂ ಚಂದಾಗಿ ಕಂಡ್ರ ನಿನ್ನ ಅಕ್ಷರ ಪಾಸ್.’

ಅದೆಲ್ಲ ಹಳೆಯ ಕಾಲದ ಫೈಲು. ಅದರ ಕಷ್ಟ ಒಂದು ಮಾತಿನಲ್ಲಿ ಹೇಳುತ್ತೇನೆ. ಆಗ ಟೈಪ್ ಮಾಡಿದ ಕನ್ನಡ ಬರೀ ಮೇಲಿನ ಅಂಗಿ. ಒಳಗೆ ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳಷ್ಟೇ. ಈಗಿನ ಫಾಂಟಿಗೆ ತರಬೇಕಾದರೆ ಅದನ್ನು ಮೊದಲು ಈಗಿನ ಪದ್ಧತಿಗೆ ಬದಲಾಯಿಸಬೇಕು. ಬದಲಾಯಿಸುವ ಒಂದು ಸಣ್ಣ ಪ್ರೋಗ್ರಾಂ ನನ್ನ ಹತ್ತಿರ ಇತ್ತು. ಹಳೆಯ ಫಾಂಟು ಯಾವುದು ಅಂತ ಅದಕ್ಕೆ ಸರಿಯಾಗಿ ಹೇಳಿದರೆ ಸರಿಯಾಗಿ ಬದಲಾಯಿಸುತ್ತದೆ. ತಪ್ಪು ಹೇಳಿದರೂ ಬದಲಾಯಿಸುತ್ತದೆ, ಕನ್ನಡ ಅಕ್ಷರಗಳೇ ಬರುತ್ತವೆ, ಆದರೆ ಮಾತು ಇರುವುದಿಲ್ಲ.

ರೋಹಿಣಿ ಮಳೆ ಹತ್ತಿರ ಬಂದಿತ್ತು. ಗೋವಿನಜೋಳದ ಪಾಕೀಟಿಗೆ ಕಂಪನಿ ಅವಸರ ಮಾಡಲು ಹತ್ತಿತ್ತು. ಅಕ್ಕೋರು ತಾಯಿಯ ಕಣ್ಣಿನ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೋಗುವವರಿದ್ದರು. ಹೋಗುವ ಮುಂದೆ ನನಗೂ ಮಾಲಕರಿಗೂ ಕೂಡಿಸಿ ಹೇಳಿದರು: ‘ನಾ ಬರೂ ತನಕ ಮಷೀನಿಗೆ ಹಾಕಬ್ಯಾಡ್ರಿ. ಹಾಕೂದ ಇತ್ತಂದ್ರ ಫಕೀರವ್ವನ ಕಡಿಂದ ಓದ್ಸಿ ಹಾಕ್ರಿ.’ ಮಾಲಕರು ‘ಆತ್ರಿ’ ಅಂದರು. ನಾನೂ ತಲೆ ಆಡಿಸಿದೆ.

ಪಾಕೀಟಿನ ಬೆನ್ನಿನ ಬರಹವನ್ನು ಬದಲಾಯಿಸಿ ನಾನು ಸಾಫ್ಟ್‌ವೇರಿಗೆ ತಂದು ಹಾಕಿದೆ. ಯಾವಾಗ ಬಿತ್ತಬೇಕು, ಎಷ್ಟು ಗೊಬ್ಬರ, ಎಷ್ಟು ಅಂತರ, ಕೊನೆಗೆ ಕೆಂಪು ಪಟ್ಟಿಯಲ್ಲಿ ವಿಷದ ಎಚ್ಚರಿಕೆ. ನೋಡಿದೆ. ಹ್ಞಾಂ, ನೋಡಿದೆ, ಇಲ್ಲ ಅನ್ನುವುದಿಲ್ಲ. ಕೊನೆಯ ಪಟ್ಟಿಯಲ್ಲಿ ಎಂಥೆಂಥ ಕಷ್ಟದ ಒತ್ತಕ್ಷರ ಬಂದಿದ್ದವು ಅಂದರೆ, ನನ್ನ ಎಂಟು ತಿಂಗಳ ದುಡಿಮೆಗೆ ಅದೇ ಪರೀಕ್ಷೆ ಅನ್ನಿಸಿತು. ಒಂದೂ ಒಂದಕ್ಕೊಂದು ತಾಗಿರಲಿಲ್ಲ. ಹಿಗ್ಗಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಆ ಸಾಲು ಏನಿತ್ತು ಗೊತ್ತೆ? ‘ಷ್ಟ್ಯೂಜ ಘ್ನೆ ಬಿಚ್ಛ್ರಯ ಡ್ವಂಕ.’ ಇದೇ ನಮೂನೆಯಲ್ಲಿ ಎರಡು ಸಾಲು. ಸಣ್ಣ ಜಾಗದಲ್ಲಿ ಹಿಡಿಸಲಿ ಅಂತ ಅದೊಂದನ್ನು ಅಕ್ಕೋರು ಎಂದೋ ಬೇರೊಂದು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ನಾನು ಎಲ್ಲದಕ್ಕೂ ಒಂದೇ ಲೆಕ್ಕ ಹಿಡಿದು ಬದಲಾಯಿಸಿದ್ದೆ. ಅಕ್ಷರದ ದುಂಡು ನೋಡಿದೆ, ಬಾಲ ನೋಡಿದೆ, ಸಂದು ನೋಡಿದೆ. ಓದಲಿಲ್ಲ. ಅದೇ ಬರಹವನ್ನು ಎತ್ತಿ ಪಾಕೀಟಿನ ಡಿಸೈನಿಗೆ ಹಾಕಿದೆ. ಫಕೀರವ್ವನ ಹತ್ತಿರ ಹೋಗಲು ನನಗೆ ನಾಚಿಕೆ. ಫಾಂಟು ಮಾಡಿದವನು ಚಾದ ಅಂಗಡಿ ಮುಂದೆ ಹಾಳೆ ಹಿಡಿದು ನಿಲ್ಲಬೇಕೇ ಅಂತ.

ಕಂಪನಿಯ ಸಾಹೇಬ ಬಂದ, ಹೊರಗಿನವನು, ಕನ್ನಡ ಮಾತಾಡಿದರೂ ಓದಲು ಬಾರದವನು, ನೋಡಿ ‘ಬಹಳ ಚೆನ್ನಾಗಿದೆ’ ಅಂದ. ಪಾಕೀಟು ಅಚ್ಚಾಯಿತು. ಬ್ಯಾಡಗಿ ರಸ್ತೆಯ ಗೋದಾಮಿಗೆ ಹೋಗಿ ಬೀಜವೂ ತುಂಬಿತು.

ಅಕ್ಕೋರು ಸೋಮವಾರ ಬಂದರು. ಚಪ್ಪಲಿ ಬಿಡುವುದರೊಳಗೆ ‘ಪಾಕೀಟ ಎಲ್ಲಿ?’ ಅಂದರು. ಒಂದು ಕೊಟ್ಟೆ. ಅವರು ತಾವು ನೋಡಲಿಲ್ಲ, ನೇರ ಹೊರಗೆ ಹೋಗಿ ಫಕೀರವ್ವನ ಕೈಗೆ ಕೊಟ್ಟರು. ಅಕ್ಷರ ಹೊಗಳುತ್ತಾರೇನೋ ಅಂತ ನಾನೂ ಹಿಂದೆ ಹೋದೆ.

ಫಕೀರವ್ವ ಸೆರಗಿಗೆ ಕೈ ಒರೆಸಿಕೊಂಡು ಓದಲು ಶುರು ಮಾಡಿದಳು. ಗೊಬ್ಬರದವರೆಗೆ ಚೆನ್ನಾಗಿಯೇ ಓದಿದಳು. ಕೆಂಪು ಪಟ್ಟಿಗೆ ಬಂದು ನಿಂತಳು. ‘ಷ್... ಟ್ಯೂ...’ ಅಂದಳು. ಮತ್ತೆ ಮೊದಲಿನಿಂದ ಹಿಡಿದಳು. ಪಾಕೀಟನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಆಮೇಲೆ ಮುಖ ತಗ್ಗಿಸಿ, ‘ಇಲ್ರೀ ಅಕ್ಕೋರ. ಮರ್ತ ಬಿಟ್ಟೇನ್ರಿ. ನನಗ ಓದಾಕ ಬರೂದಿಲ್ಲ ಈಗ’ ಅಂದಳು. ಅಂದವಳ ಕಣ್ಣಲ್ಲಿ ನೀರು ಬಂದಿತ್ತು.

ಅಕ್ಕೋರು ಪಾಕೀಟು ಕಸಿದುಕೊಂಡು ಓದಿದರು. ‘ನೀ ಏನೂ ಮರ್ತಿಲ್ಲವಾ ಫಕೀರವ್ವಾ. ಬರದವ್ರು ಮರ್ತಾರ’ ಅಂದರು. ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು: ‘ಕೇಳಿದೇನು? ಪಾಕೀಟ ತಪ್ಪೈತಿ ಅಂತ ಆಕಿ ಅನ್ನಲಿಲ್ಲ. ನನಗ ಓದಾಕ ಬರೂದಿಲ್ಲ ಅಂದ್ಲು. ಐರಣ್ಯಾಗ, ಕಾಗಿನೆಲ್ಯಾಗ, ಎಲ್ಲಾ ಕಡೆ ಹಿಂಗ ಅಂತಾರ. ಒಬ್ರೂ ಬಂದು ನಿನ್ನ ಕೇಳೂದಿಲ್ಲ. ಸುಮ್ಮ ತೊಳದು ಬೀಸ್ತಾರ.’

ಅವರು ನೆಟ್ಟಗೆ ಮಾಲಕರ ಮುಂದೆ ಹೋಗಿ, ಪಾಕೀಟು ಅಂಗಡಿಗೆ ಹೋಗಬಾರದು, ಸರಿಯಾದ ಸಾಲಿನ ಸ್ಟಿಕರ್ ಹಚ್ಚಿಯೇ ಹೋಗಬೇಕು ಅಂದರು. ಮಾಲಕರು ತಲೆ ಹಿಡಿದುಕೊಂಡರು. ಸಾಹೇಬನನ್ನು ಕರೆಸಿದರು. ಅವನು ಪಾಕೀಟು ತಿರುವಿ ನೋಡಿ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

‘ಕನ್ನಡ ಇದೆಯಲ್ಲ ಮೇಡಂ. ನಿಯಮದ ಪ್ರಕಾರ ಕನ್ನಡ ಇರಬೇಕು. ಇದೆ.’

‘ಇದು ಕನ್ನಡ ಅಲ್ರಿ. ಕನ್ನಡದಂಗ ಕಾಣತೈತಿ.’

‘ಹಿಂದುಗಡೆಯದನ್ನು ಯಾರು ಓದುತ್ತಾರೆ? ಕೆಂಪು ತ್ರಿಕೋನದ ಗುರುತು ಹಾಕಿದ್ದೇವೆ. ಓದಲು ಬಾರದವರಿಗೂ ತಿಳಿಯುತ್ತದೆ.’

‘ಕೆಂಪು ತ್ರಿಕೋನ ಕಂಡ್ರ ನಮ್ಮೂರಾಗ ಕುಟುಂಬ ಯೋಜನಾ ಅಂತಾರ್ರೀ ಸಾಹೇಬ್ರ’ ಅಂದರು ಅಕ್ಕೋರು. ‘ಬೀಜ ತಿಂದ್ರ ಮಕ್ಕಳಾಗೂದಿಲ್ಲ ಅನ್ಕೋತಾರ, ಅಷ್ಟ. ಸಾಯ್ತಾರ ಅಂತ ಅನ್ಕೋಳೂದಿಲ್ಲ.’

ಬೇರೆ ಹೊತ್ತಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸಾಹೇಬ ನಗಲಿಲ್ಲ. ಸ್ಟಿಕರ್ ಹಚ್ಚಿದರೆ ಕಂಪನಿ ತಪ್ಪು ಮಾಡಿದೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ, ಅದು ಸಾಧ್ಯವೇ ಇಲ್ಲ ಅಂದ. ಮೂರು ದಿನ ಬಿಟ್ಟು ಲಾರಿ ಹೊರಡುತ್ತದೆ ಅಂತಲೂ ಅಂದ. ಎಂಥ ಮಾತು ನೋಡಿ. ತಪ್ಪು ಮಾಡಲು ನಾಚಿಕೆ ಇಲ್ಲ, ಒಪ್ಪಿಕೊಳ್ಳಲು ನಾಚಿಕೆ. ಅದೇ ಸಾಲು ಇಂಗ್ಲಿಷಿನಲ್ಲಿ ಹೀಗೆ ಬಂದಿದ್ದರೆ ಆ ಗೋದಾಮಿಗೆ ಬೆಂಕಿ ಬಿದ್ದಂತೆ ಓಡಾಡುತ್ತಿದ್ದರು. ಕನ್ನಡ ಅಲ್ಲವೇ, ಹಿಂದುಗಡೆ ಅಲ್ಲವೇ, ಓದುವವಳು ಫಕೀರವ್ವ ಅಲ್ಲವೇ, ನಡೆಯುತ್ತದೆ.

ಆ ಮೂರು ದಿನ ಅಕ್ಕೋರು ಟೈಪ್ ಮಾಡಲಿಲ್ಲ. ಗೋದಾಮಿಗೆ ಹೋದರು, ಕಂಪನಿಯ ಆಫೀಸಿಗೆ ಹೋದರು, ಹಾವೇರಿಗೆ ಹೋಗಿ ಯಾವ ಯಾವ ಬಾಗಿಲು ಬಡಿದರೋ ಗೊತ್ತಿಲ್ಲ. ಅರ್ಜಿ ಕೊಡಿ, ನೋಡುತ್ತೇವೆ ಅಂದರಂತೆ. ನಾನು ನನ್ನ ಕಂಪ್ಯೂಟರಿನ ಮುಂದೆ ಕುಳಿತೇ ಇದ್ದೆ. ಮೂರನೆಯ ದಿನ ಮಧ್ಯಾಹ್ನ ಮಾಲಕರು ಬಂದು, ‘ಸ್ಟಿಕರ್ ತಯಾರ್ ಮಾಡು. ಲಗೂ’ ಅಂದರು. ಕಂಪನಿ ಒಪ್ಪಿತ್ತು. ದೇವರು ದೊಡ್ಡವನು ಅಂದುಕೊಂಡೆ.

ಸ್ಟಿಕರಿನ ಸಾಲನ್ನು ಅಕ್ಕೋರೇ ಬರೆದುಕೊಟ್ಟರು. ಹಳೆಯ ಸಾಲು ಬರೀ ಕಚೇರಿಯ ಕನ್ನಡವಾಗಿತ್ತು. ಇವರು ಬರೆದದ್ದು: ‘ಈ ಬೀಜಕ್ಕೆ ವಿಷ ಸವರಿದೆ. ತೊಳೆದರೂ ವಿಷ ಹೋಗುವುದಿಲ್ಲ. ಯಾರೂ ತಿನ್ನಬೇಡಿ. ದನಕ್ಕೆ, ಕೋಳಿಗೆ ಹಾಕಬೇಡಿ.’ ಫಕೀರವ್ವ ಓದಿದಳು, ಒಂದೇ ಉಸಿರಿಗೆ. ಗೀಟು ಬೀಳಲಿಲ್ಲ. ಗೋದಾಮಿನಲ್ಲಿ ಇಪ್ಪತ್ತು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಹಚ್ಚಿದರು, ಅಕ್ಕೋರೂ ಅವರ ನಡುವೆ ಕುಳಿತು ಹಚ್ಚಿದರು. ಕೊನೆಯ ಚೀಲ ಲಾರಿ ಏರುವವರೆಗೆ ಎದ್ದು ಬರಲಿಲ್ಲ. ಆ ವರ್ಷ ನನಗೆ ಗೊತ್ತಿದ್ದ ಮಟ್ಟಿಗೆ ಯಾರಿಗೂ ಏನೂ ಆಗಲಿಲ್ಲ.

ಮುಂದಿನ ತಿಂಗಳಿನಿಂದ ಅಕ್ಕೋರ ಕುರ್ಚಿ ಖಾಲಿ. ಕೇಳಿದರೆ ಮಾಲಕರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ‘ಪಾಕೀಟ ತಪ್ಪಿದ್ದು ಆಕಿ ಕೈಲೆ. ಮನಸಿಗೆ ಹಚ್ಕೊಂಡು ತಾನ ಬಿಟ್ಲು.’ ಕೇಳಿದವರೆಲ್ಲ ಹ್ಞೂಂ ಅಂದರು. ಜಗತ್ತಿನ ತಪ್ಪೆಲ್ಲ ತಿದ್ದುತ್ತಿದ್ದಳಲ್ಲ, ಈಗ ನೋಡು ಅಂತ ನಕ್ಕವರೂ ಇದ್ದರು. ನಾನು ಅಲ್ಲೇ ಇದ್ದೆ. ತಪ್ಪಿದ್ದು ನನ್ನ ಕೈಯಿಂದ ಅಂತ ನನಗೆ ಗೊತ್ತಿತ್ತು. ಅಕ್ಕೋರು ಆ ವಾರ ಊರಲ್ಲೇ ಇರಲಿಲ್ಲ ಅಂತ ಮಾಲಕರಿಗೂ ಗೊತ್ತಿತ್ತು. ಮಾಲಕರು ತಮ್ಮ ಗಿರಾಕಿ ಉಳಿಸಿಕೊಳ್ಳಲು ಆ ಹೆಣ್ಣುಮಗಳ ತಲೆಗೆ ಕಟ್ಟಿದರು ಅಂತ ಒಳಗೊಳಗೇ ಕುದಿದೆ. ಕುದಿದೆ ಅಷ್ಟೇ. ನನ್ನನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಒಮ್ಮೆ ಮೇಡ್ಲೇರಿಗೆ ಹೋಗಿದ್ದೆ. ಅಕ್ಕೋರು ಅಂಗಳದಲ್ಲಿ ಕುಳಿತು ತಮ್ಮನಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ಅವನು ನಲವತ್ತು ದಾಟಿದ ಗಂಡಸು, ತಾನೇ ಸುಲಿದುಕೊಳ್ಳಲು ಬರುವುದಿಲ್ಲ. ನಾನು ಆ ಪಾಕೀಟಿನ ಮಾತು ತೆಗೆಯಬೇಕು ಅಂತಲೇ ಹೋದವನು. ‘ಅಕ್ಕೋರ, ಅವತ್ತ...’ ಅಂದೆ. ಅವರು ನಡುವೆಯೇ, ‘ಈಗ ಯಾರ ಕಡಿಂದ ಓದಸ್ತೀ?’ ಅಂದರು. ಯಾರಿಂದಲೂ ಇಲ್ಲ ಅಂದೆ. ‘ಯಾಕ, ಫಕೀರವ್ವ ಸತ್ತಾಳೇನು?’ ಅಂದರು. ಬೈದರು, ಚಲೋ ಬೈದರು. ಚಾ ಕೊಟ್ಟರು. ಮರುದಿನದಿಂದ ನಾನು ಪ್ರೂಫ್ ಹಿಡಿದು ಹೊರಗೆ ಹೋಗಲು ಶುರು ಮಾಡಿದೆ. ಹೇಳಬೇಕಾದ್ದು ಮಾತ್ರ ಹೊಟ್ಟೆಯಲ್ಲೇ ಉಳಿಯಿತು.

ಈಗ ಅವರು ಹೋದರು. ನಿನ್ನೆ ಬೆಳಿಗ್ಗೆ, ಪ್ರೆಸ್ಸಿನ ಬಾಗಿಲು ತೆಗೆದ ಕೂಡಲೇ, ನಾನು ಮಾಲಕರ ಟೇಬಲ್ಲಿನ ಮುಂದೆ ನಿಂತೆ. ‘ಆ ಪಾಕೀಟ ತಪ್ಪಿಸಿದಾಂವ ನಾನ್ರಿ. ಅಕ್ಕೋರ ಅಲ್ಲ. ನೀವು ಸುಳ್ಳ ಅವರ ಹೆಸರು ಕೆಡಿಸಿದ್ರಿ’ ಅಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು.

ಮಾಲಕರು ಸಿಟ್ಟಾಗಲಿಲ್ಲ. ‘ಗೊತ್ತೈತಿ, ಕುಂದ್ರು’ ಅಂದರು. ಕಪಾಟಿನಿಂದ ಒಂದು ಫೈಲು ತೆಗೆದು, ಒಂದು ಹಾಳೆ ನನ್ನ ಮುಂದಿಟ್ಟರು. ಅಕ್ಕೋರ ಕೈಬರಹ. ‘ಪಾಕೀಟಿನ ತಪ್ಪು ಪೂರಾ ನನ್ನದು, ಕಂಪನಿಯದಲ್ಲ, ಪ್ರೆಸ್ಸಿನಲ್ಲಿ ಬೇರೆ ಯಾರದ್ದೂ ಅಲ್ಲ’ ಅಂತ ಮೂರು ಸಾಲು. ಕೆಳಗೆ ಇನ್ನೊಂದು ಸಾಲು: ‘ಎಲ್ಲ ಪಾಕೀಟಿಗೂ ಸ್ಟಿಕರ್ ಹಚ್ಚಿದ ಮೇಲೆಯೇ ಈ ಕಾಗದ ನಡೆಯತಕ್ಕದ್ದು.’ ಅದರ ಕೆಳಗೆ ಸಹಿ.

‘ಕಂಪನಿಯವ್ರಿಗೆ ಒಬ್ರ ಹೆಸರು ಬೇಕಾಗಿತ್ತೋ’ ಅಂದರು ಮಾಲಕರು. ‘ತಪ್ಪು ತಮ್ಮದಲ್ಲ, ಇಂಥವರದು ಅಂತ ಬರದು ಕೊಟ್ಟು, ಅವ್ರನ್ನ ಕೆಲಸದಿಂದ ಬಿಡಸಿದ್ರ ಸ್ಟಿಕರ್ ಹಚ್ಚತೇವಿ ಅಂದ್ರು. ನಾ ಬರದು ಕೊಟ್ರ ಪ್ರೆಸ್ಸಿನ ಕೆಲಸ ಹೋಗ್ತಿತ್ತು. ಯೋಚನಿ ಮಾಡಾಕತ್ತಿದ್ದೆ. ಆಕಿ ಹೊರಗ ನಿಂತು ಕೇಳಿಸ್ಕೊಂಡು ಒಳಗ ಬಂದ್ಲು, ನನ್ನ ಪೆನ್ ತಗೊಂಡು ಬರದ್ಲು, ಹ್ವಾದ್ಲು. ಸಹಿ ಮಾಡಂತ ನಾ ಅಂದಿಲ್ಲ, ದೇವ್ರಾಣಿ.’

ನಾನು ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಬಾಯಿ ಬಿಟ್ಟು, ಜೋರಾಗಿ. ಮಾಲಕರು ಗೋಡೆಯ ಕಡೆ ನೋಡುತ್ತ ಕುಳಿತಿದ್ದರು. ಅವರ ಮೇಲೆ ಕೂಗಾಡಲು ಬಂದವನಿಗೆ ಈಗ ಕೂಗಾಡಲು ಮುಖ ಇರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ ಅಂತ ಮೂರು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅಕ್ಕೋರನ್ನೂ ಯಾರೂ ಕೇಳಿರಲಿಲ್ಲ.